ಕಲ್ಯಾಣ ಮಂಟಪದೊಳಗೆ ಪುಟ್ಟ ಆರ್‌ಸಿ ವಿಮಾನ: ಚಾವಣಿಗೆ ಏರುತ್ತದೆ, ಬಲಕ್ಕೇ ಎಳೆಯುತ್ತದೆ

ಕಾಗದದಹಕ್ಕಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನವರು ನೋಡಿಕೊಳ್ಳುವ ಕಲ್ಯಾಣ ಮಂಟಪ ಆಷಾಢವಾದ್ದರಿಂದ ಈ ತಿಂಗಳು ಖಾಲಿಯಿದೆ. ಹೊರಗೆ ಗಾಳಿ ಜೋರಾಗಿರುವುದರಿಂದ, ಹೊಸದಾಗಿ ಕೊಂಡ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನವನ್ನು ಅಲ್ಲಿಯೇ ಹಾರಿಸಿ ಕಲಿಯೋಣವೆಂದು ಹೊರಟೆ. ಸಭಾಂಗಣ 60 ಅಡಿ ಉದ್ದ, 35 ಅಡಿ ಅಗಲವಿದ್ದು, ಚಾವಣಿ 16 ಅಡಿ ಎತ್ತರದಲ್ಲಿದೆ.

ವಿಮಾನವು ಫೋಮಿನಿಂದ ಮಾಡಿದ, ಪೆಟ್ಟಿಗೆಯಿಂದ ತೆಗೆದು ನೇರ ಹಾರಿಸಬಹುದಾದ ಎರಡು ಚಾನೆಲ್‌ನ (ರಿಮೋಟಿನಿಂದ ಎರಡೇ ಹತೋಟಿಗಳಿರುವ) ಮಾದರಿ. ರೆಕ್ಕೆಯ ಹಿಂಬದಿಯಲ್ಲಿ ಎರಡು ಮೋಟಾರುಗಳಿವೆ. ಅಡುಗೆಮನೆಯ ತಕ್ಕಡಿಯಲ್ಲಿ 48 ಗ್ರಾಂ ತೂಗಿತು. ರೆಕ್ಕೆ 32 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲವಿದೆ. ಪೂರ್ತಿ ಥ್ರಾಟಲ್ (ಮೋಟಾರಿಗೆ ಶಕ್ತಿ ಕೊಡುವ ಕಡ್ಡಿ) ಕೊಟ್ಟರೆ ಮೂತಿ ಎತ್ತಿಕೊಂಡು ನೇರ ಫ್ಯಾನಿನ ಕಡೆಗೆ ಏರುತ್ತದೆ. ಹೆದರಿ ಥ್ರಾಟಲ್ ಇಳಿಸಿದರೆ ದೊಪ್ಪನೆ ಬೀಳುತ್ತದೆ. ಗೋಡೆ ಹತ್ತಿರ ಬಂದಾಗ ತಿರುಗಿಸಲು ನೋಡಿದರೆ ತಿರುಗುವುದೇ ಇಲ್ಲ. ಇದು ಸಾಲದೆಂಬಂತೆ, ನಿನ್ನೆಯಿಂದ ಸದಾ ಬಲಕ್ಕೇ ಎಳೆಯುತ್ತಿದೆ. ತಪ್ಪು ವಿಮಾನದ್ದೋ, ನನ್ನ ಕೈಯದೋ ದಯವಿಟ್ಟು ತಿಳಿಸಿ.

ಥ್ರಾಟಲ್‌ರಾಯರು

ಸ್ವಲ್ಪ ನಿಮ್ಮ ಕೈಯದು, ಸ್ವಲ್ಪ ವಿಮಾನದ್ದು, ಹೆಚ್ಚಿನದು ಆಯ್ಕೆಯದು. ಮೊದಲು ಕೈಯ ವಿಷಯವನ್ನು ನೋಡೋಣ.

ಎರಡು ಚಾನೆಲ್‌ನ ವಿಮಾನದಲ್ಲಿ ಎಲಿವೇಟರ್, ಎಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಇರುವುದಿಲ್ಲ. ಬಾಲವನ್ನು ಒಂದು ನಿರ್ದಿಷ್ಟ ವೇಗಕ್ಕೆ ಹೊಂದುವಂತೆ ಕೂರಿಸಿರುತ್ತಾರೆ. ವೇಗ ಅದಕ್ಕಿಂತ ಹೆಚ್ಚಿದರೆ ಮೂತಿ ಏಳುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಆದ್ದರಿಂದ ಥ್ರಾಟಲ್ ಎಂಬುದು ಇಲ್ಲಿ ವೇಗದ ಕಡ್ಡಿಯಲ್ಲ, ಎತ್ತರದ ಕಡ್ಡಿ. ಕೈಯಿಂದ ಬಿಟ್ಟ ಕೂಡಲೇ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಿಡಿದು, ತಲೆಯ ಮಟ್ಟದಲ್ಲಿ ಸಾಗುವಂತೆ ಒಂದೊಂದೇ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬೇಕೇ ಹೊರತು, ಪೂರ್ತಿ ಏರಿಸುವುದು, ಪೂರ್ತಿ ಇಳಿಸುವುದು ಮಾಡಬಾರದು.

ಗೋಡೆಯ ಬಳಿ ತಿರುಗದಿರುವುದಕ್ಕೂ ಇದೇ ಮೂಲ. ಈ ಮಾದರಿಗಳಲ್ಲಿ ರಡ್ಡರ್ (ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಅಲ್ಲಾಡುವುದಿಲ್ಲ; ಒಂದು ಮೋಟಾರು ಇನ್ನೊಂದಕ್ಕಿಂತ ವೇಗವಾಗಿ ತಿರುಗುವುದರಿಂದ ಮಾತ್ರ ವಿಮಾನ ಹೊರಳುತ್ತದೆ. ಗೋಡೆ ಕಂಡ ಗಾಬರಿಯಲ್ಲಿ ನೀವು ಥ್ರಾಟಲ್ ಇಳಿಸಿದ ಕ್ಷಣವೇ ತಿರುಗಿಸುವ ಶಕ್ತಿಯೂ ಹೋಗುತ್ತದೆ. ಹೆದರಿಕೆಯಾದಷ್ಟೂ ಥ್ರಾಟಲ್ ಉಳಿಸಿಕೊಂಡು, ಗೋಡೆಗೆ ಸಾಕಷ್ಟು ಮೊದಲೇ ತಿರುಗಿಸಿ. ಹೇಳುವುದು ಸುಲಭ ಎಂಬುದು ನನಗೂ ಗೊತ್ತು. ನನ್ನ ಮೊದಲ ವಿಮಾನ ಮನೆಯ ಹಾಲಿನ ಗೋಡೆಗಡಿಯಾರದ ಗಾಜನ್ನು ತೆಗೆದುಕೊಂಡೇ ಹೋಯಿತು.

ಬಲಕ್ಕೆ ಎಳೆಯುತ್ತಿದೆಯೆಂದರೆ ಬಲಗಡೆಯ ಮೋಟಾರು ಸೋತಿದೆ. ವಿಮಾನವನ್ನು ಗಟ್ಟಿಯಾಗಿ ಹಿಡಿದು, ಅರ್ಧ ಥ್ರಾಟಲ್ ಕೊಟ್ಟು, ಒಂದೊಂದು ಪ್ರೊಪೆಲ್ಲರಿನ ಹಿಂದೆಯೂ ಟಿಶ್ಯೂ ಕಾಗದದ ಪಟ್ಟಿಯನ್ನು ಒಂದೇ ಅಂತರದಲ್ಲಿ ಇಳಿಬಿಡಿ. ಎರಡೂ ಸಮನಾಗಿ ಹಾರಬೇಕು. ಹಾರದಿದ್ದರೆ ಪ್ರೊಪೆಲ್ಲರನ್ನು ಮೆಲ್ಲಗೆ ಹೊರಗೆಳೆದು ಶಾಫ್ಟನ್ನು ಭೂತಗನ್ನಡಿಯಲ್ಲಿ ನೋಡಿ. ಬಿಡಿ ಪ್ರೊಪೆಲ್ಲರ್ ಹಾಕಿದ್ದರೆ ಅದರ ಮೇಲೆ ಅಚ್ಚಾಗಿರುವ ಅಕ್ಷರವನ್ನೂ ಗಮನಿಸಿ: ಎರಡು ಮೋಟಾರುಗಳು ವಿರುದ್ಧ ದಿಕ್ಕಿಗೆ ತಿರುಗುವ ಮಾದರಿಗಳಲ್ಲಿ ಎಡದ್ದು ಬಲಕ್ಕೆ ಹೊಂದುವುದಿಲ್ಲ.

ಕುಡ್ಲದಗಾಳಿ

ಮೂತಿ ಏಳುವುದಕ್ಕೆ ಸುಲಭದ ಉಪಾಯವೊಂದಿದೆ. ಮೂತಿಗೆ ಒಂದು ರೂಪಾಯಿಯ ನಾಣ್ಯವನ್ನು ಟೇಪಿನಲ್ಲಿ ಅಂಟಿಸಿ. ನನ್ನ ವಿಮಾನ ಅಷ್ಟರಿಂದಲೇ ಸರಿಹೋಯಿತು.

ಥ್ರಾಟಲ್‌ರಾಯರು

ಹೊರಗಿನ ಮೈದಾನದಲ್ಲಾದರೆ ನಡೆಯುತ್ತದೆ, ಒಳಗೆ ಬೇಡ. ಆ ನಾಣ್ಯ 2011ರ ಸರಣಿಯದಾದರೆ ತೂಕ ಸುಮಾರು 3.8 ಗ್ರಾಂ; 48 ಗ್ರಾಂನ ವಿಮಾನಕ್ಕೆ ಅದು ಶೇ. 8ರಷ್ಟು ಹೆಚ್ಚುವರಿ ಹೊರೆ, ಹೊರೆ ಹೆಚ್ಚಿದಷ್ಟೂ ವೇಗ ಹೆಚ್ಚು. ಮೊದಲು ಜಮಖಾನ ಹಾಸಿಕೊಂಡು, ಮೋಟಾರು ನಿಲ್ಲಿಸಿ, ಭುಜದ ಎತ್ತರದಿಂದ ನೆಲಕ್ಕೆ ಸಮಾನಾಂತರವಾಗಿ ಮೆಲ್ಲಗೆ ತಳ್ಳಿ ನೋಡಿ. ನೆಟ್ಟಗೆ ಜಾರಿ 15–20 ಅಡಿ ದೂರದಲ್ಲಿ ಇಳಿದರೆ ತೂಕದ ಹಂಚಿಕೆ ಸರಿಯಿದೆ. ತಲೆಯೆತ್ತಿ ನಿಂತು ಬಿದ್ದರೆ ಬಾಲದ ಹಿಂಬದಿಯ ಅಂಚನ್ನು 1–2 ಮಿ.ಮೀ. ಕೆಳಕ್ಕೆ ಬಗ್ಗಿಸಿ; ಆಗಲೂ ಆಗದಿದ್ದರೆ ಮಾತ್ರ ಮೂತಿಗೆ ಮಕ್ಕಳ ಬಣ್ಣದ ಜೇಡಿಯನ್ನು ಅರ್ಧ ಗ್ರಾಂನಷ್ಟು ಅಂಟಿಸಿ.

ಕಾಗದದಹಕ್ಕಿ (ಮೈಸೂರು)

ರಾಯರೇ, ಶಾಫ್ಟಿನಲ್ಲಿ ಸಿಕ್ಕಿದ್ದನ್ನು ಹೇಳಿದರೆ ನಗುತ್ತೀರಿ. ಒಂದು ಉದ್ದನೆಯ ಕೂದಲು, ಅದರ ಮೇಲೆ ಮಲ್ಲಿಗೆ ದಂಡೆಯ ಬಿಳಿಯ ನೂಲು, ಎರಡೂ ಹೆಣೆದುಕೊಂಡು ಪ್ರೊಪೆಲ್ಲರಿಗೂ ಮೋಟಾರಿಗೂ ನಡುವೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಜ್ಯೇಷ್ಠ ಮಾಸದ ಯಾವುದೋ ಮದುವೆಯ ಕೊನೆಯ ಕುರುಹು! ಸೂಜಿಯಿಂದ ಬಿಡಿಸಿ ತೆಗೆದ ಮೇಲೆ ಎರಡೂ ಟಿಶ್ಯೂ ಪಟ್ಟಿಗಳು ಸಮನಾಗಿ ಹಾರಿದವು. ಬಾಲವನ್ನು ಬಗ್ಗಿಸಿದ ನಂತರ ಏರುವುದೂ ಹತೋಟಿಗೆ ಬಂದಿದೆ. ಆದರೂ ಪೂರ್ತಿ ಒಂದು ಸುತ್ತು ಬರಲಾಗುತ್ತಿಲ್ಲ. ಅರ್ಧ ಸುತ್ತಿಗೇ ಗೋಡೆ ಬಂದುಬಿಡುತ್ತದೆ. ಜೈರೋ (ಓಲಾಟವನ್ನು ತಾನೇ ಸರಿಪಡಿಸುವ ಸಾಧನ) ಇರುವ ಮೂರು ಚಾನೆಲ್‌ನ ವಿಮಾನ ಕೊಂಡರೆ ಇದು ಪರಿಹಾರವಾಗುವುದೇ?

ಥ್ರಾಟಲ್‌ರಾಯರು

ಆಗುವುದಿಲ್ಲ. ನಾನು ಮೊದಲು ಆಯ್ಕೆಯ ತಪ್ಪು ಎಂದದ್ದು ಇದನ್ನೇ. ಅಂಗಡಿಯವರು ರೆಕ್ಕೆ ಚಿಕ್ಕದಿದ್ದರೆ ಒಳಾಂಗಣದ ವಿಮಾನವೆಂದು ಹೇಳುತ್ತಾರೆ, ನಾವೂ ನಂಬುತ್ತೇವೆ. ನಿಜಕ್ಕೂ ನೋಡಬೇಕಾದದ್ದು ಪ್ರತಿ ಚದರ ಸೆಂ.ಮೀ. ರೆಕ್ಕೆ ಎಷ್ಟು ತೂಕ ಹೊರುತ್ತದೆ ಎಂಬುದನ್ನು. ನಿಮ್ಮ ರೆಕ್ಕೆಯ ವಿಸ್ತೀರ್ಣ 256 ಚ.ಸೆಂ.ಮೀ.; ಪ್ರತಿ 100 ಚ.ಸೆಂ.ಮೀ.ಗೆ ಸುಮಾರು 19 ಗ್ರಾಂ ಬೀಳುತ್ತದೆ. ಇಷ್ಟು ಹೊರೆಯಿದ್ದರೆ ಸೆಕೆಂಡಿಗೆ ಸುಮಾರು 6 ಮೀಟರಿಗಿಂತ ನಿಧಾನವಾದಾಗ ರೆಕ್ಕೆ ಕೈಬಿಡುತ್ತದೆ, ನೆಮ್ಮದಿಯಿಂದ ಹಾರಲು 7 ಮೀಟರಾದರೂ ಬೇಕು. ಆ ವೇಗದಲ್ಲಿ ನಿಮ್ಮ 60 ಅಡಿ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ರೆಕ್ಕೆ 30 ಡಿಗ್ರಿ ವಾಲಿಸಿ ತಿರುಗಿದರೂ ವೃತ್ತದ ವ್ಯಾಸ ಸುಮಾರು 17 ಮೀಟರ್, ಎಂದರೆ 57 ಅಡಿ. ನಿಮ್ಮಲ್ಲಿ ಇರುವ ಅಗಲ 35 ಅಡಿ. ಅಷ್ಟೇಕೆ, 28 ಮೀಟರ್ ಉದ್ದ, 15 ಮೀಟರ್ ಅಗಲದ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲೂ ಆ ಸುತ್ತು ಹಿಡಿಸದು. ಜೈರೋ ವಿಮಾನದ ಓಲಾಟವನ್ನು ತಡೆಯುತ್ತದೆ, ಕನಿಷ್ಠ ವೇಗವನ್ನು ಇಳಿಸುವುದಿಲ್ಲ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ಮೈಸೂರಿನಲ್ಲಿ ಸಮುದ್ರಮಟ್ಟಕ್ಕಿಂತ ಒಂದಿಷ್ಟು ಹೆಚ್ಚೇ ವೇಗ ಬೇಕಾಗುತ್ತದೆ. ಕಡಲತೀರದ ಕುಡ್ಲದವರಿಗೆ (ಮಂಗಳೂರಿನವರಿಗೆ) ಆ ತೆರಿಗೆಯಿಲ್ಲ.

ಈಗ ವೃತ್ತದ ವ್ಯಾಸ ವೇಗದ ವರ್ಗದಂತೆ ಕುಗ್ಗುತ್ತದೆ ಎಂಬುದನ್ನು ನೆನಪಿಡಿ. ವೇಗ ಸೆಕೆಂಡಿಗೆ 2.5 ಮೀಟರಿಗೆ ಇಳಿದರೆ ಅದೇ ವಾಲಿಕೆಯಲ್ಲಿ ವ್ಯಾಸ ಏಳೆಂಟು ಅಡಿಯಷ್ಟೇ. ಅಂತಹ ವೇಗ ಬೇಕಾದರೆ 100 ಚ.ಸೆಂ.ಮೀ.ಗೆ ಮೂರು ಗ್ರಾಂನ ಆಸುಪಾಸಿನಲ್ಲಿರುವ ವಿಮಾನ ಬೇಕು, ಅದು ಫೋಮಿನಿಂದ ಸುಲಭವಾಗಿ ಸಾಧ್ಯವಿಲ್ಲ. ಪಾರ್ಕ್‌ಜೋನ್ ಹೆಸರಿನಲ್ಲಿ ಬಂದು ಮುಂದೆ ಇ-ಫ್ಲೈಟ್ ಹೆಸರಿನಲ್ಲಿಯೂ ಮುಂದುವರಿದ ವೇಪರ್ ಸರಣಿಯ ವಿಮಾನಗಳು ಕಾರ್ಬನ್ ಕಡ್ಡಿಗಳ ಚೌಕಟ್ಟಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದಂಥವು. ಹಳೆಯ ವೇಪರ್‌ಗಳಲ್ಲಿ ಸುಮಾರು 37 ಸೆಂ.ಮೀ. ರೆಕ್ಕೆಗೆ 15–17 ಗ್ರಾಂ ತೂಕ, ಒಂದೇ ಮೋಟಾರು, ರಡ್ಡರ್ ಮತ್ತು ಎಲಿವೇಟರ್ ಎರಡೂ ಇವೆ. ನಡೆಯುವವರ ಜೊತೆಯಲ್ಲಿ ಹಾರಬಲ್ಲಷ್ಟು ನಿಧಾನ. ಅದರ ಸೂಕ್ಷ್ಮತೆಗೂ ಸಿದ್ಧರಾಗಿರಿ: ಒಂದು ಫ್ಯಾನ್ ತಿರುಗುತ್ತಿದ್ದರೂ ಅದು ಎಲೆಯಂತೆ ತೇಲಿಹೋಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆರ್‌ಟಿಎಫ್ ಎಂದಿದೆಯೋ ಬಿಎನ್‌ಎಫ್ ಎಂದಿದೆಯೋ ನೋಡಿಕೊಳ್ಳಿ. ಆರ್‌ಟಿಎಫ್‌ನಲ್ಲಿ ರಿಮೋಟ್ ಸೇರಿರುತ್ತದೆ, ಬಿಎನ್‌ಎಫ್‌ನಲ್ಲಿ ಇರುವುದಿಲ್ಲ. ವೇಪರ್‌ಗೆ ಸ್ಪೆಕ್ಟ್ರಮ್ ಕಂಪನಿಯ ಡಿಎಸ್‌ಎಮ್2 ಅಥವಾ ಡಿಎಸ್‌ಎಮ್‌ಎಕ್ಸ್ ಎಂಬ ರೇಡಿಯೊ ಪದ್ಧತಿಗೆ ಹೊಂದುವ ರಿಮೋಟೇ ಆಗಬೇಕು, ಈಗಿನ ಆಟಿಕೆಯ ರಿಮೋಟ್ ಅದರೊಂದಿಗೆ ಮಾತನಾಡುವುದಿಲ್ಲ.

ಕಾಗದದಹಕ್ಕಿ (ಮೈಸೂರು)

ಅರ್ಥವಾಯಿತು ರಾಯರೇ. ಈ ವಿಮಾನವನ್ನು ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಮೈದಾನಕ್ಕೆ ಒಯ್ಯುತ್ತೇನೆ, ಮಂಟಪಕ್ಕೆ ಹಗುರದ್ದನ್ನು ಹುಡುಕುತ್ತೇನೆ. ಶ್ರಾವಣ ಹುಟ್ಟಿದ ಮೇಲೆ ಸಭಾಂಗಣ ಸಿಗುವುದು ಕಷ್ಟ. ಅಷ್ಟರಲ್ಲಿ ಹಗುರದ್ದು ಬಂದರೂ, ಸಭಾಂಗಣ ಮತ್ತೆ ಸಿಗುವವರೆಗೆ ಅದರ ಬ್ಯಾಟರಿಯನ್ನು ಚಾರ್ಜ್ ಮಾಡಿಯೇ ಎತ್ತಿಡಬಹುದೇ?

ಥ್ರಾಟಲ್‌ರಾಯರು

ಬೇಡ. ಒಂದು ಸೆಲ್‌ನ ಸಾಮಾನ್ಯ ಲಿಪೊ (ಲಿಥಿಯಮ್ ಪಾಲಿಮರ್) ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಹಾಗೆಯೇ ತಿಂಗಳುಗಟ್ಟಲೆ ಇಟ್ಟರೆ ಊದಿಕೊಳ್ಳುತ್ತದೆ. ಪೂರ್ತಿ ಬರಿದು ಮಾಡಿಟ್ಟರೆ ಮತ್ತೆ ಏಳುವುದೇ ಇಲ್ಲ. 3.8 ವೋಲ್ಟಿನ ಹತ್ತಿರ ನಿಲ್ಲಿಸಿ, ವಿಮಾನದಿಂದ ಬಿಚ್ಚಿ, ತಣ್ಣಗಿನ ಜಾಗದಲ್ಲಿ ತವರದ ಡಬ್ಬಿಯೊಳಗೆ ಬಟ್ಟೆ ಹಾಸಿ ಇಡಿ, ಎರಡು ತಂತಿಗಳ ತುದಿ ಒಂದಕ್ಕೊಂದು ತಾಗದಂತೆ.