ಮೊದಲ ಕಾದಂಬರಿ ಅರ್ಧಕ್ಕೆ ನಿಂತಾಗ

ಪ್ರಶ್ನೆ:
ನಾನು ಬರೆಯುತ್ತಿರುವ ಮೊದಲ ಕಾದಂಬರಿ ಆರನೆಯ ಅಧ್ಯಾಯದಲ್ಲಿ ನಿಂತುಹೋಗಿದೆ. ಸ್ಫೂರ್ತಿ ಬರುವವರೆಗೆ ಕಾಯಬೇಕೇ ಅಥವಾ ದಿನಕ್ಕಿಷ್ಟು ಪುಟವೆಂದು ಗೊತ್ತುಮಾಡಿಕೊಂಡು ಬರೆಯಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1:
ಕಾಯಬೇಡಿ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ 5.30ಕ್ಕೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದುದಾಗಿ 1883ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ವೇಗ ಎಲ್ಲರಿಗೂ ಒಗ್ಗದು (ನನಗಂತೂ ಒಗ್ಗಿಲ್ಲ). ಆದರೆ ಬರೆಯುವ ಹೊತ್ತು ನಿಗದಿಯಾಗಿದ್ದರೆ ಮನಸ್ಸು ತಾನಾಗಿ ಹದಕ್ಕೆ ಬರುತ್ತದೆ.

ಉತ್ತರ 2:
ಶಿಸ್ತಿನ ಮಾತು ಸರಿಯೇ, ಆದರೆ ಕಥೆ ನಿಂತಿರುವುದು ಸೋಮಾರಿತನದಿಂದಲೇ ಎಂದು ಏಕೆ ಭಾವಿಸಬೇಕು? ಎಷ್ಟೋ ಸಲ ಪಾತ್ರಕ್ಕೆ ಏನು ಬೇಕೆಂಬುದು ಬರೆಯುವವರಿಗೇ ಸ್ಪಷ್ಟವಿರುವುದಿಲ್ಲ. ನಿಂತ ದೃಶ್ಯವನ್ನು ಇನ್ನೊಂದು ಪಾತ್ರದ ಕಣ್ಣಿನಿಂದ ಬರೆದು ನೋಡಿ. ಉದಾಹರಣೆಗೆ, ಮಗ ಮನೆ ಬಿಟ್ಟುಹೋಗುವ ಪ್ರಸಂಗವನ್ನು, ಬಾಗಿಲ ಬಳಿ ಅವನ ಚೀಲವನ್ನು ಹಿಡಿದುಕೊಂಡು ಕೊಡಲೊಲ್ಲದೆ ನಿಂತ ತಂಗಿಯ ಕಡೆಯಿಂದ ಹೇಳಿದರೆ, ಅಲ್ಲಿಯವರೆಗೆ ಕಾಣದಿದ್ದ ಜಗಳದ ಕಾರಣ ಹೊರಬೀಳಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬರೆದ ಭಾಗವನ್ನು ಈಗಲೇ ತಿದ್ದಬೇಕೇ?

ಉತ್ತರ 2:
ಬೇಡ. ಬದಲಾಯಿಸಬೇಕಾದುದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು, ಮೊದಲ ಕರಡು ಮುಗಿಯುವವರೆಗೆ ಮುಂದೆ ಸಾಗಿ.