ಪದಚರ್ಚೆ: ವಾಟರ್ ಪಂಪಿನ ವೀಪ್ ಹೋಲಿಗೆ ಕನ್ನಡದಾಗ ಏನನ್ನೂಣು?

> ಮನ್ಯಾಗ ಕಾರಿನ ವಾಟರ್ ಪಂಪ್ ಬದಲಿ ಮಾಡೂ ಕೈಪಿಡಿ ಕನ್ನಡಕ್ಕ ತರಾಕತ್ತೇನ್ರಿ, ನಾಳೆ ಮುಂಜಾನೆ ಪ್ರೆಸ್ಸಿಗೆ ಹೋಗಬೇಕು. ಪಂಪಿನ ಮೈಮ್ಯಾಗ ಒಂದು ಸಣ್ಣ ತೂತು ಇರ್ತದಲ್ರೀ, ವೀಪ್ ಹೋಲ್ ಅಂತಾರ, ಅದಕ್ಕ ‘ಸೋರುತೂತು’ ಅಂತ ಹಾಕೇನಿ, ನಡೀತದೇನ್ರಿ? ಒಬ್ಬರು ‘ಅಶ್ರುರಂಧ್ರ’ ಅಂದ್ರು.

ಅಕ್ಕಾರ, ಎರಡೂ ಬ್ಯಾಡ್ರಿ. ಎಂಜಿನ್ ಅಳೂದಿಲ್ಲ, ಅಶ್ರುರಂಧ್ರದ ಮಾತು ಅಲ್ಲಿಗೆ ಮುಗೀತು. ಸೋರುತೂತು ಅದಕ್ಕಿಂತ ಕೆಟ್ಟದ್ದು, ಓದಿದಾಂವ ಮೊದಲು ಎಂ-ಸೀಲ್ ತಂದು ಮುಚ್ಚತಾನ. ಅದು ಪಂಪ್ ಕೆಟ್ಟು ಬಿದ್ದ ತೂತಲ್ರೀ, ತಯಾರು ಮಾಡಿದವರ ಬಿಟ್ಟದ್ದು, ಸೋರಿಕಿ ತಡಿಯೂ ಒಳಗಿನ ಸೀಲ್ ಹೋತಂದ್ರ ಕೂಲಂಟ್ (ಎಂಜಿನ್ ತಂಪಿಡೂ ದ್ರವ) ಶಾಫ್ಟಿನ ಗುಂಟ ಬೇರಿಂಗಿಗೆ ಹೋಗದ ಹೊರಗ ಬೀಳಲಿ ಅಂತ ಸೀಲಿಗೂ ಬೇರಿಂಗಿಗೂ ನಡುವ ಇಟ್ಟಿರ್ತಾರ. ಹೊಸಾ ಪಂಪಿನಾಗ ಸೀಲ್ ಕೂಡೂತನಕ ಒಂದೆರಡು ಹನಿ ಬಂದ್ರ ನಡೀತದ, ಬಿಡದ ಹನಿ ಬೀಳಾಕತ್ತಿದ್ರ ಪಂಪ್ ಬಿಚ್ಚೂದ ಸೈ.

ಅದಕ್ಕ ‘ಜಿನುಗುಕಿಂಡಿ’ ಅಂತ ಹಾಕ್ರಿ. ತೂತು ತಾನ ಬೀಳ್ತದ, ಕಿಂಡಿ ಬೇಕಂತ ಬಿಡ್ತಾರ. ಈಗ ಯಾರರೆ ಕನಕನ ಕಿಂಡಿ ತಾನ ಒಡದದ್ದಲ್ಲೇನು ಅಂತ ಬರಬ್ಯಾಡ್ರಿ, ಕನಕದಾಸರು ನಮ್ಮ ಹಾವೇರಿ ಜಿಲ್ಲಾ ಬಾಡದವರು, ಆ ಕತಿ ನಮಗೂ ಗೊತ್ತದ, ಗೋಡಿ ಒಡದದ್ದು ಬ್ಯಾರೆ, ದರ್ಶನಕ್ಕಂತ ಉಳಿಸಿಕೊಂಡಮ್ಯಾಲೆ ಅದು ಕಿಂಡಿ ಆತು.

ಇದಕ್ಕ ‘ವರತಿ’ ಅನ್ನೂಣು ಅಂತ ಇಲ್ಲೇ ಒಬ್ಬ ಸರ ಅಂದಾರ. ಸರ, ವರತಿ ಅಂದ್ರ ಹಳ್ಳದಾಗ ಉಸುಕು ತೋಡಿ ಕುಡಿಯಾಕ ತುಂಬಿಕೊಳ್ಳೂ ನೀರು. ಹಸರು ಕೂಲಂಟ್ ಯಾರು ಕುಡೀತಾರ? ವಿಷ ಅದು. ‘ಒಸರು’ ಅಂದಿದ್ರ ಒಪ್ಪತಿದ್ದೆ, ಅಪ್ಪಟ ಹಳೇ ಮಾತು, ಆದ್ರ ಗ್ಯಾರೇಜಿನಾಗ ಅದನ್ನ ಯಾರೂ ಅನ್ನೂದಿಲ್ಲ.

ಇನ್ನ ಪಂಪಿಗೆ ‘ಜಲರೇಚಕ’ ಅನ್ನೋರಿಗೆ ಒಂದ ಮಾತು. ರೇಚಕ ಅಂದ್ರ ಜುಲಾಬಿನ ಔಷಧ. ಹುಬ್ಬಳ್ಳಿ ಮೆಕ್ಯಾನಿಕ್ಕು ‘ವಾಟರ್ ಬಾಡಿ’ ಅಂತಾನ, ಬೇಕಾದ್ರ ಅದನ್ನೂ ಹಾಕ್ರಿ, ಅದೇನು ಇಂಗ್ಲಿಷ್ ಕಲಬೆರಕಿ ಅಂತ ಶುರು ಮಾಡಬ್ಯಾಡ್ರಿ. ಪಗಾರ, ಚಾವಿ ಎರಡೂ ಪೋರ್ಚುಗೀಸ್ ಮೂಲದ್ದು, ಪೋರ್ಚುಗೀಸ್ ಅಂತ ಒಂದ ತಿಂಗಳದ ಪಗಾರ ಯಾರರೆ ವಾಪಸ್ ಕೊಟ್ಟೀರೇನು? ಶುದ್ಧಿ ಮಾಡೂದಿದ್ರ ಮೊದಲು ಅಲ್ಲಿಂದ ಮಾಡ್ರಿ.

ಅಕ್ಕಾರ, ‘ಜಿನುಗುಕಿಂಡಿ ಮುಚ್ಚಬೇಡಿ’ ಅಂತ ಚಿತ್ರದ ಬಾಜೂಕ ದಪ್ಪಕ್ಷರದಾಗ ಹಾಕ್ರಿ. ಪಂಪಿಗೂ ಎಂಜಿನ್ನಿಗೂ ನಡುವ ಸೋರದಂಗ ಕೂಡಸೂ ಗ್ಯಾಸ್ಕೆಟ್ಟಿಗೆ ಹೊಸಾ ಪದ ಹುಡುಕಾಕ ಹೋಗಬ್ಯಾಡ್ರಿ, ‘ಪ್ಯಾಕಿಂಗ್’ ಅಂತ ಬರೀರಿ, ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಹಂಗ ಕೇಳಿದ್ರನ ಕೊಡತಾರ.