ಅತ್ತೆ, ಮತ್ತೆ ದುಡ್ಡು ಕಟ್ಬೇಡಿ, ಮೊದ್ಲು ಇದನ್ನ ಕೇಳಿ

ಅತ್ತೆ, ಗ್ರೂಪಲ್ಲಿ ನೀವು ಹಾಕಿರೋ ಫೋಟೊ ನೋಡ್ದೆ. ಮಾವನ ಫೋನಲ್ಲಿ ಸೀರಿಯಲ್ ಚೆನ್ನಾಗಿ ಓಡುತ್ತೆ, ಅದೇ ಆ್ಯಪನ್ನ ಟೀವೀಲಿ ಫೈರ್ ಸ್ಟಿಕ್ಕಲ್ಲಿ, ಅಂದ್ರೆ ಟೀವಿ ಹಿಂದೆ ಚುಚ್ಚಿರೋ ಅಮೆಜಾನ್ ಕಡ್ಡೀಲಿ, ಓಪನ್ ಮಾಡಿದ್ರೆ ಬೀಗದ ಗುರುತು ಬಂದು ಸಬ್‌ಸ್ಕ್ರೈಬ್ ಮಾಡಿ ಅನ್ನುತ್ತೆ, ಅಷ್ಟೇ ತಾನೆ. ಕೆಳಗೆ ಒಬ್ರು ಇನ್ನೊಂದ್ಸಲ ಕಟ್ಬಿಡಿ ಅಂದಿದಾರೆ, ದೊಡ್ಡಪ್ಪ ಗೂಗಲ್ಲಲ್ಲಿ ಸಿಕ್ತು ಅಂತ ಕಸ್ಟಮರ್ ಕೇರ್ ನಂಬರ್ ಹಾಕಿದಾರೆ. ದಯವಿಟ್ಟು ಎರಡೂ ಬೇಡ. ಅದೇ ಟೀವೀಲಿ ಯೂಟ್ಯೂಬ್ ಬರ್ತಿದೆ ಅಂದ್ರಲ್ಲ, ಹಾಗಿದ್ರೆ ನೆಟ್ಟೂ ಸರಿ ಇದೆ ಸ್ಟಿಕ್ಕೂ ಸರಿ ಇದೆ, ತೊಂದ್ರೆ ಬಹುಶಃ ಪ್ಲಾನಲ್ಲಿ ಅಥವಾ ಲಾಗಿನ್ ಮಾಡಿರೋ ಮೊಬೈಲ್ ನಂಬರಲ್ಲಿ ಇರ್ಬೋದು.

ಮೊದ್ಲು ಪ್ಲಾನ್ ನೋಡಿ. ಇದು ಮಾವನ ರೀಚಾರ್ಜ್ ಜೊತೆ ಫ್ರೀ ಬಂದಿದ್ದು ಅಂತೀರಿ, ಹಾಗೆ ಬರೋದು ಬಹಳ ಸಲ ಮೊಬೈಲ್‌ಗೆ ಮಾತ್ರ ಇರುತ್ತೆ. ದುಡ್ಡು ಕೊಟ್ಟು ತಗೊಂಡ್ರೂ ಅಷ್ಟೇ, ನೆಟ್‌ಫ್ಲಿಕ್ಸ್‌ದೇ ನೋಡಿ, ಡಿಸೆಂಬರ್ 2021ರಲ್ಲಿ ಮೊಬೈಲ್ ಪ್ಲಾನ್ 199ರಿಂದ 149ಕ್ಕೆ ಇಳಿಸಿದ್ರು, ಎಲ್ರೂ ಖುಷಿಯಾಗಿ ಅದನ್ನೇ ತಗೊಂಡ್ರು, ಆದ್ರೆ ಅದು ಫೋನು ಟ್ಯಾಬು ಬಿಟ್ರೆ ಟೀವೀಲಿ ಓಡಲ್ಲ. ಆರ್ಡಿನರಿ ಬಸ್ ಪಾಸ್ ಇಟ್ಕೊಂಡು ವೋಲ್ವೊ ಹತ್ತಿದ್ರೆ ಕಂಡಕ್ಟರ್ ಒಪ್ತಾರಾ, ಹಾಗೇ ಇದು. ಮಾವನ ಫೋನಲ್ಲಿ ಆ ಆ್ಯಪ್ ತೆಗೆದು ಪ್ರೊಫೈಲ್ ಒತ್ತಿ, ಅಲ್ಲಿ ಪ್ಲಾನಿನ ಹೆಸ್ರು, ಯಾವಾಗ ಮುಗಿಯುತ್ತೆ ಎಲ್ಲಾ ಇರುತ್ತೆ. ಮೊಬೈಲ್ ಅಂತ ಇದ್ರೆ ಸ್ಟಿಕ್ ಎಷ್ಟ್ ಸಲ ಕಿತ್ತು ಹಾಕಿದ್ರೂ ಪ್ರಯೋಜ್ನ ಇಲ್ಲ. ಆಗ ಅಪ್‌ಗ್ರೇಡ್ ಅಂತ ಅಲ್ಲೇ ತೋರ್ಸುತ್ತಾ ನೋಡಿ, ಆದ್ರೆ ಈಗ್ಲೇ ಒತ್ಬೇಡಿ, ನಂಗೆ ತೋರಿಸಿ.

ಟೀವಿಗೂ ಸೇರಿರೋ ಪ್ಲಾನ್ ಆಗಿದ್ರೆ ಮುಂದೆ ನೋಡ್ಬೇಕಾಗಿರೋದು ನಂಬರ್ರು, ನಂಗೆ ಜಾಸ್ತಿ ಡೌಟ್ ಇರೋದೂ ಇಲ್ಲೇ. ಮಾವಂಗೆ ಎರಡು ಸಿಮ್ಮಿದೆ, ರೀಚಾರ್ಜ್ ಯಾವ ನಂಬರಿಗೆ ಮಾಡಿದಾರೋ ಸಬ್‌ಸ್ಕ್ರಿಪ್ಷನ್ ಅದೇ ನಂಬರಿಗೆ ಅಂಟ್ಕೊಂಡಿರುತ್ತೆ. ಟೀವೀಲಿ ಅವತ್ತು ಲಾಗಿನ್ ಮಾಡ್ಕೊಟ್ಟಿದ್ದು ಪುಟ್ಟ ಅಲ್ವಾ, ಅವ್ನು ಅರ್ಜೆಂಟಲ್ಲಿ ಅವ್ನ ನಂಬರೇ ಹಾಕಿರ್ಬೋದು, ಆಗ ಟೀವಿಗೆ ನೀವು ಹೊಸಬ್ರು, ದುಡ್ಡು ಕೇಳೇ ಕೇಳುತ್ತೆ. ಟೀವೀಲಿ ಆ ಆ್ಯಪ್ ಒಳಗೆ ಪ್ರೊಫೈಲ್‌ಗೆ ಹೋದ್ರೆ ಯಾವ ನಂಬರ್ ಅಂತ ಕೊನೇ ಅಂಕಿಗಳಾದ್ರೂ ಕಾಣುತ್ತೆ, ಫೋನಲ್ಲಿರೋದಕ್ಕೆ ತಾಳೆ ನೋಡಿ. ಬೇರೆ ಇದ್ರೆ ಟೀವೀಲಿ ಲಾಗ್ ಔಟ್ ಮಾಡಿ ಮಾವನ ನಂಬರಲ್ಲಿ ಒಳಗೆ ಹೋಗ್ಬೇಕು. ಟೀವೀಲಿ ಕ್ಯೂಆರ್ ಚೌಕನೋ ಕೋಡೋ ಬರುತ್ತೆ, ಅದು ಸ್ವಲ್ಪ ಹೊತ್ತಿಗೆ ಎಕ್ಸ್‌ಪೈರ್ ಆಗುತ್ತೆ, ಗಾಬರಿ ಬೇಡ, ಹಿಂದೆ ಹೋಗಿ ಬಂದ್ರೆ ಹೊಸದು ಕೊಡುತ್ತೆ. ವೆಬ್‌ಸೈಟ್ ಅಡ್ರೆಸ್ ಕೊಟ್ರೆ ಟೀವಿ ನೋಡ್ಕೊಂಡು ಅಕ್ಷರಕ್ಕೆ ಅಕ್ಷರ ಮೇಲ್ಗಡೆ ಅಡ್ರೆಸ್ ಪಟ್ಟೀಲಿ ಟೈಪ್ ಮಾಡಿ, ಗೂಗಲ್ಲಲ್ಲಿ ಹುಡುಕ್ಬೇಡಿ ಅತ್ತೆ, ಅಲ್ಲಿ ಟೀವಿ ಆ್ಯಕ್ಟಿವೇಷನ್ ಅಂತ ನಕಲಿ ಪೇಜ್‌ಗಳು ಇರ್ತವೆ, ಆ್ಯಕ್ಟಿವೇಟ್ ಮಾಡೋಕೆ ಬೇರೆ ಫೀಸ್ ಅಂತ ಕೇಳ್ತಾವೆ. ಕೋಡ್ ಹಾಕಿ ಟೀವಿ ಸೇರ್ಸೋಕೆ ಅಂತ ಪ್ರತ್ಯೇಕ ಫೀಸ್ ಯಾವ್ದೂ ಇಲ್ಲ.

ಚಿಕ್ಕಮ್ಮನ ಮನೇಲಿ ಹೋದ್ ತಿಂಗ್ಳು ಆ್ಯಪ್ ನಿಂತಿದ್ದು ಬೇರೆ ಕಾರಣಕ್ಕೆ, ಅದೂ ಹೇಳ್ಬಿಡ್ತೀನಿ. ಅವ್ರದು ಆಟೊಪೇ, ಅಂದ್ರೆ ಅಕೌಂಟಿಂದ ತಾನಾಗೇ ದುಡ್ಡು ಕಟ್ಟಾಗೋದು, ಕಟ್ಟಾಗೋ ದಿನ ಅಕೌಂಟಲ್ಲಿ ಬ್ಯಾಲೆನ್ಸ್ ಇರ್ಲಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಟ್ಟಾಗೋ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು, ಬರುತ್ತೆ ಕೂಡ, ನಾವೇ ಜಾಹೀರಾತು ಅಂತ ನೋಡಲ್ಲ. ಅಣ್ಣ, ನಿಂಗೂ ಒಂದ್ಮಾತು, ನಿನ್ನ ಅಮೆಜಾನ್ ಪ್ರೈಮ್ ಅಕೌಂಟ್ ಇಡೀ ಕುಟುಂಬಕ್ಕೆ ಕೊಟ್ಟಿದೀಯ, 2025ರಿಂದ ಅದ್ರಲ್ಲಿ 5 ಡಿವೈಸು, ಅದ್ರಲ್ಲೂ ಟೀವಿ 2 ಮಾತ್ರ. ಹಳೇ ಟೀವಿ ಮಾರಿದ್ರೂ ಲಿಸ್ಟಲ್ಲಿ ಕೂತಿರುತ್ತೆ, ತೆಗ್ದುಹಾಕು.

ಇಷ್ಟೆಲ್ಲಾ ಸರಿ ಇದ್ದೂ ಬರ್ಲಿಲ್ಲ ಅಂದ್ರೆ ಆಗ ಸ್ಟಿಕ್ ಮುಟ್ಟೋಣ. ಸೆಟ್ಟಿಂಗ್ಸ್, ಅಪ್ಲಿಕೇಶನ್ಸ್, ಮ್ಯಾನೇಜ್ ಇನ್‌ಸ್ಟಾಲ್ಡ್ ಅಪ್ಲಿಕೇಶನ್ಸ್, ಅದ್ರಲ್ಲಿ ಆ ಆ್ಯಪ್ ಹುಡುಕಿ ಫೋರ್ಸ್ ಸ್ಟಾಪ್ ಒತ್ತಿ, ಆಮೇಲೆ ಕ್ಲಿಯರ್ ಕ್ಯಾಶ್ (ಇದು ದುಡ್ಡಲ್ಲ, ಆ್ಯಪ್ ತಾತ್ಕಾಲಿಕವಾಗಿ ಇಟ್ಕೊಂಡಿರೋ ಫೈಲುಗಳು). ಪಕ್ದಲ್ಲೇ ಕ್ಲಿಯರ್ ಡೇಟಾ ಇರುತ್ತೆ, ಅದನ್ನ ಈಗ ಮುಟ್ಬೇಡಿ, ಲಾಗಿನ್ ಹೋಗ್ಬಿಡುತ್ತೆ. ಫೋಟೋಲಿ ಇನ್ನೊಂದು ನೋಡ್ದೆ, ಸ್ಟಿಕ್ಕಿನ ವೈರನ್ನ ಟೀವಿ ಹಿಂದಿನ ಯುಎಸ್‌ಬಿಗೇ ಚುಚ್ಚಿದೀರಿ, ಅದ್ರಲ್ಲಿ ಕೆಲವು ಸಲ ಕರೆಂಟ್ ಸಾಲಲ್ಲ, ಡಬ್ಬೀಲಿ ಬಂದಿರೋ ಅಡಾಪ್ಟರ್ ಗೋಡೆ ಪ್ಲಗ್ಗಿಗೆ ಹಾಕಿ.

ದೊಡ್ಡಪ್ಪ, ಬೇಜಾರ್ ಮಾಡ್ಕೋಬೇಡಿ, ಆದ್ರೆ ಆ ನಂಬರ್ ಡಿಲೀಟ್ ಮಾಡಿ ಅಂತ ಕೈ ಮುಗ್ದು ಕೇಳ್ತೀನಿ. ಗೂಗಲ್ಲಲ್ಲಿ ಸಿಗೋ ಕೇರ್ ನಂಬರಲ್ಲಿ ಮೋಸದವ್ರದ್ದೂ ಇರುತ್ತೆ, ಫೋನಿಗೆ ಒಂದು ಆ್ಯಪ್ ಹಾಕ್ಕೊಳ್ಳಿ ಸ್ಕ್ರೀನ್ ತೋರಿಸಿ ಅಂತಾರೆ, ರೀಫಂಡ್ ಕೊಡ್ತೀವಿ ಪಿನ್ ಒತ್ತಿ ಅಂತಾರೆ. ದುಡ್ಡು ಬರೋಕೆ ಯುಪಿಐ ಪಿನ್ ಯಾವತ್ತೂ ಬೇಡ, ಪಿನ್ ಒತ್ತಿದ್ರೆ ಹೋಗೋದು ನಮ್ದೇ ದುಡ್ಡು. ಸಹಾಯ ಬೇಕಿದ್ರೆ ಆ್ಯಪ್ ಒಳಗೇ ಹೆಲ್ಪ್ ಅಂತ ಇರುತ್ತೆ. ಯಾರಾದ್ರೂ ಈಗಾಗ್ಲೇ ಆ ನಂಬರಿಗೆ ಮಾತಾಡಿ ದುಡ್ಡು ಹೋಗಿದ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಅತ್ತೆ, ಈಗ ಎರಡು ಫೋಟೊ ಸಾಕು, ಮಾವನ ಫೋನಲ್ಲಿ ಪ್ಲಾನ್ ಇರೋ ಪೇಜು, ಟೀವೀಲಿ ಪ್ರೊಫೈಲ್ ಪೇಜು. ಗ್ರೂಪಿಗೆ ಹಾಕ್ಬೇಡಿ, ನಂಗೊಬ್ಬಂಗೇ ಕಳ್ಸಿ. ಒಟಿಪಿ ಬಂದ್ರೆ ನಂಗೂ ಹೇಳ್ಬೇಡಿ, ನೀವೇ ಒತ್ತಿ. ಸಂಜೆ ಆಫೀಸ್ ಮುಗಿಸಿ ವಿಡಿಯೊ ಕಾಲ್ ಮಾಡ್ತೀನಿ, ಮಾವನ ಎರಡೂ ಸಿಮ್ ಆನ್ ಇರ್ಲಿ.